ಎತ್ತಿನ ಗಾಡಿಯಿಂದ ಮೋಟಾರಿನವರೆಗೆ: ನಮ್ಮ ಧರ್ಮಕೇಂದ್ರದ ದಾರಿಯ ನೆನಪುಗಳು

ನಮ್ಮ ದೇವಾಲಯದ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ವಿಚಾರಣಾ ಗುರುಗಳೂ ಸಮಿತಿಯವರೂ ಮನೆಗೆ ಬಂದು ಕೇಳಿದರು. ದೇವಾಲಯದ ಕಟ್ಟಡದ ಇತಿಹಾಸವನ್ನಾಗಲಿ, ಇಲ್ಲಿ ಸೇವೆ ಸಲ್ಲಿಸಿದ ಗುರುವರ್ಯರ ಚರಿತ್ರೆಯನ್ನಾಗಲಿ ಬರೆಯುವ ಯೋಗ್ಯತೆ ನನಗಿಲ್ಲವೆಂದು ವಿನಯದಿಂದ ಹೇಳಿದೆ. ಆಗ ಗುರುಗಳು ನಗುತ್ತ, "ಹಾಗಾದರೆ ಮೇಷ್ಟ್ರೇ, ನಿಮಗೆ ಚೆನ್ನಾಗಿ ಗೊತ್ತಿರುವ ಗಾಡಿಗಳ ಕಥೆಯನ್ನೇ ಬರೆಯಿರಿ, ಅದೂ ಇತಿಹಾಸವೇ ಅಲ್ಲವೇ?" ಎಂದರು. ನಾನು ಒಪ್ಪಿಕೊಂಡೆ. ಒಪ್ಪಿಕೊಂಡುದಕ್ಕೆ ಇನ್ನೊಂದು ಕಾರಣವೂ ಉಂಟು. ಅದನ್ನು ಅದರ ಸ್ಥಾನದಲ್ಲಿ ಹೇಳುತ್ತೇನೆ.

ನನಗೀಗ ಎಂಬತ್ತು ದಾಟಿದೆ. ನಮ್ಮ ತಂದೆಯವರು ಖಾಸಗಿ ಬಸ್ಸಿನ ಚಾಲಕರಾಗಿದ್ದರು. ನಾನು ಶಾಲಾ ಉಪಾಧ್ಯಾಯನಾದರೂ ಪೆಟ್ರೋಲಿನ ವಾಸನೆ ನನಗೆ ತೊಟ್ಟಿಲಿನಿಂದಲೇ ಪರಿಚಯ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಗಾಡಿ ಓಡಿಸಿದವನ ನೆನಪುಗಳೆಂದು ಭಾವಿಸಿ ವಾಚಕ ಬಂಧುಗಳು ಇದನ್ನು ಓದಬೇಕಾಗಿ ಪ್ರಾರ್ಥನೆ.

ಕುದುರೆ, ಗಾಡಿ, ಇದ್ದಿಲಿನ ಬಸ್ಸು

ಹಳೆಯ ಮೈಸೂರು ಸೀಮೆಯ ಧರ್ಮಕೇಂದ್ರಗಳನ್ನು ಬಹುಕಾಲ ನೋಡಿಕೊಂಡವರು ಪ್ಯಾರಿಸಿನ ವಿದೇಶೀ ಧರ್ಮಪ್ರಚಾರ ಸಂಸ್ಥೆಯ ಗುರುಗಳು. ಅವರು ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಕುದುರೆಯ ಮೇಲೋ ಎತ್ತಿನ ಗಾಡಿಯಲ್ಲೋ ಹೋಗುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬಲಿಪೂಜೆಯ ಸಾಮಾನುಗಳ ಪೆಟ್ಟಿಗೆ ಗಾಡಿಯ ಹುಲ್ಲಿನ ಮೇಲೆ. ಗುರುಗಳು ಪ್ರಾರ್ಥನಾ ಪುಸ್ತಕ ಹಿಡಿದು ಗಾಡಿಯ ಮುಂದೆ ಕಾಲ್ನಡಿಗೆಯಲ್ಲಿ. ಹತ್ತು ಮೈಲಿಯ ದಾರಿಗೆ ಅರ್ಧ ದಿನ ಸಾಲದು. ಅನಂತರ ಸೈಕಲ್ಲು ಬಂದಿತು. ಬಿಳಿಯ ನಿಲುವಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೈಕಲ್ಲು ತುಳಿಯುವ ಗುರುಗಳನ್ನು ನೋಡಿ ನಾವು ಮಕ್ಕಳು ಹಿಂದೆ ಓಡುತ್ತಿದ್ದೆವು.

ಮೋಟಾರು ಬಸ್ಸು ನಮ್ಮ ಕಡೆಗೆ ಮೊದಲೇ ಬಂದಿದ್ದರೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದರ ಪಾಡು ವಿಚಿತ್ರವಾಯಿತು. 1941ರಿಂದ ಪೆಟ್ರೋಲಿಗೆ ಪಡಿತರ ಬಂದಿತು. ಆಗ ಬಸ್ಸಿನ ಹಿಂಭಾಗಕ್ಕೆ ಒಂದು ದೊಡ್ಡ ಉಕ್ಕಿನ ಒಲೆಯನ್ನು ಜೋಡಿಸಿ, ಅದರಲ್ಲಿ ಇದ್ದಿಲು ಉರಿಸಿ, ಬಂದ ಅನಿಲವನ್ನು ಎಂಜಿನಿಗೆ ಕೊಟ್ಟು ಓಡಿಸುತ್ತಿದ್ದರು. ಕೊರತೆಯಾದ ಗಾಳಿಯಲ್ಲಿ ಇದ್ದಿಲು ಅರೆಬರೆ ಉರಿದಾಗ ಹುಟ್ಟುವ ಅನಿಲಕ್ಕೆ ಹೊತ್ತಿಕೊಳ್ಳುವ ಗುಣ ಉಂಟು. ಆದರೆ ಪೆಟ್ರೋಲಿನ ಶಕ್ತಿ ಅದಕ್ಕಿಲ್ಲ. ನಮ್ಮ ತಂದೆಯವರು ಬೆಳಗಿನ ಜಾವದಲ್ಲೆದ್ದು ತಿದಿ ತಿರುಗಿಸಿ ಒಲೆಯನ್ನು ಹೊತ್ತಿಸುತ್ತಿದ್ದರಂತೆ. ಏರು ಬಂದರೆ ಪ್ರಯಾಣಿಕರೆಲ್ಲ ಇಳಿದು ನಡೆಯಬೇಕಾಗಿತ್ತಂತೆ. "ಟಿಕೆಟ್ಟು ಕೊಂಡವರೇ ಬಸ್ಸನ್ನು ತಳ್ಳುತ್ತಿದ್ದ ಕಾಲ ಅದು" ಎಂದು ಅವರು ಹೇಳಿ ನಗುತ್ತಿದ್ದರು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾದ ಮೇಲೆ ಜನರಿಗೆ ಹೊತ್ತಿಗೆ ಸರಿಯಾದ ಬಸ್ಸು ಎಂಬುದರ ಪರಿಚಯವಾಯಿತು.

ಕಾರುಗಳೆಂದರೆ ಎರಡೇ

ಸ್ವಾತಂತ್ರ್ಯಾನಂತರ ವಿದೇಶೀ ಕಾರುಗಳ ಆಮದು ಬಿಗಿಯಾಯಿತು. ದೇಶದಲ್ಲಿಯೇ ತಯಾರಾಗುತ್ತಿದ್ದವು ಬೆರಳೆಣಿಕೆಯಷ್ಟು. ಕಲ್ಕತ್ತೆಯ ಸಮೀಪದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸಿನವರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ 1950ರ ದಶಕದ ಕೊನೆಗೆ ಅಂಬಾಸಡರನ್ನು ಹೊರತಂದರು. ಬೊಂಬಾಯಿಯ ಪ್ರೀಮಿಯರ್ ಸಂಸ್ಥೆ ಇಟಲಿಯ ಫಿಯೆಟ್ 1100ನ್ನು ತಯಾರಿಸುತ್ತಿತ್ತು; ಅದೇ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರನ್ನು ಪಡೆಯಿತು. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಮೂರನೆಯದು. 1961ರಲ್ಲಿ ಬಂದ ಅದಕ್ಕೆ ಮೊದಲು ಎರಡೇ ಬಾಗಿಲು. ಆದರೂ ಜನರ ಬಾಯಿಯಲ್ಲಿ ಕಾರೆಂದರೆ ಅಂಬಾಸಡರ್, ಇಲ್ಲವೇ ಫಿಯೆಟ್.

ನಾನು ಕಾರು ಕಲಿತದ್ದು 1962ರಲ್ಲಿ, ತಂದೆಯವರ ಸ್ನೇಹಿತರೊಬ್ಬರ ಅಂಬಾಸಡರಿನಲ್ಲಿ. ಅದರ ಮುಂದಿನ ಆಸನ ಒಂದೇ ಉದ್ದನೆಯ ಬೆಂಚು. ಗೇರು ಬದಲಿಸುವ ಸನ್ನೆ ಸ್ಟಿಯರಿಂಗ್ ಚಕ್ರದ ಕೆಳಗೆ. ದೊಡ್ಡ ದೀಪವನ್ನು ತಗ್ಗಿಸುವ ಗುಂಡಿ ಎಡಗಾಲಿನ ಬಳಿ ನೆಲದ ಮೇಲೆ. ಬ್ಯಾಟರಿ ಸೋತರೆ ಮುಂದಿನ ರಂಧ್ರದಲ್ಲಿ ಕಬ್ಬಿಣದ ಹಿಡಿಯನ್ನು ತೂರಿಸಿ ಕೈಯಿಂದ ತಿರುಗಿಸಬೇಕು. ತಂದೆಯವರು ಕಲಿಸಿದ ಮೊದಲ ಪಾಠ ಆ ಹಿಡಿಯದೇ ಆಗಿದ್ದಿತು. "ಹೆಬ್ಬೆರಳನ್ನು ಹಿಡಿಯ ಸುತ್ತ ಸುತ್ತಬೇಡ, ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟುಕೊ. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ" ಎಂದು ಅವರು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ.

ಕೈಸನ್ನೆಗಳನ್ನು ಆಗ ಶ್ರದ್ಧೆಯಿಂದ ಕಲಿಯಬೇಕಾಗಿತ್ತು. ಬಲಕ್ಕೆ ತಿರುಗುವುದಾದರೆ ಬಲಗೈಯನ್ನು ನೀಳವಾಗಿ ಹೊರಚಾಚಬೇಕು. ನಿಧಾನ ಮಾಡುವುದಾದರೆ ಅಂಗೈಯನ್ನು ಕೆಳಮುಖವಾಗಿಸಿ ಮೇಲೆ ಕೆಳಗೆ ಆಡಿಸಬೇಕು. ಎದುರಿನವರ ಕಣ್ಣು ಕುಕ್ಕದಿರಲೆಂದು ದೊಡ್ಡ ದೀಪದ ಗಾಜಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದರು. ಎದುರಿಗೆ ಗಾಡಿ ಬಂದರೆ ದೀಪ ತಗ್ಗಿಸದವನನ್ನು ಸಂಸ್ಕಾರವಿಲ್ಲದವನೆಂದು ಭಾವಿಸುವ ಕಾಲ ಅದು. ಈಗ ರಾತ್ರಿ ರಸ್ತೆಗಿಳಿದರೆ ಆ ಕಪ್ಪು ಬಣ್ಣವೇ ಮೇಲಾಗಿತ್ತೆಂದು ನನಗೆ ತೋರುತ್ತದೆ.

ನಮ್ಮ ಮೈಸೂರಿನ ಜಾವಾ

ಕಾರು ಕೆಲವರ ಭಾಗ್ಯ. ಎರಡು ಚಕ್ರದ ಮೋಟಾರು ಹಲವರ ಕನಸು. ಮದ್ರಾಸಿನ ಬಳಿ 1955ರಿಂದ ತಯಾರಾಗತೊಡಗಿದ ಎನ್‌ಫೀಲ್ಡ್ ಬುಲೆಟ್ ಪೊಲೀಸರಿಗೂ ಸೈನ್ಯಕ್ಕೂ ಒಪ್ಪುವ ಗಾಡಿ. ಅದರ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಪೋಲೆಂಡಿನ ಮಾದರಿಯಿಂದ ಬಂದ ರಾಜದೂತ್ ಹಾಲಿನ ಕ್ಯಾನುಗಳನ್ನು ಹೊರುವವರ ನೆಚ್ಚಿನದು. ಆದರೆ ನಮ್ಮ ಕಡೆಯವರಿಗೆ ಮೋಟಾರು ಸೈಕಲ್ ಎಂದರೆ ಜಾವಾ.

ಜಾವಾದ ಮೂಲ ಚೆಕೊಸ್ಲೊವಾಕಿಯ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ ತಯಾರಿಕೆಯನ್ನು ಕೊಂಡನು. ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಜಾವಾ ಎಂದಾಯಿತು. ಪಾರಸಿ ಮನೆತನದ ಇರಾನಿಯವರ ಪ್ರಯತ್ನದಿಂದ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಏರ್ಪಟ್ಟು 1961ರಲ್ಲಿ ತಯಾರಿಕೆ ಪ್ರಾರಂಭವಾಯಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರವರು ಅದನ್ನು ಉದ್ಘಾಟಿಸಿದರು. 1970ರ ದಶಕದಲ್ಲಿ ಜಾವಾ ಹೋಗಿ ಯೆಜ್ದಿ ಎಂಬ ಹೆಸರು ಬಂದಿತು. ಮೈಸೂರಿನ ಎಷ್ಟೋ ಮನೆಗಳಿಗೆ ಆ ಕಾರ್ಖಾನೆಯಿಂದ ಅನ್ನ ದೊರೆಯಿತು. 1996ರಲ್ಲಿ ಅದರ ಬಾಗಿಲು ಮುಚ್ಚಿದಾಗ ಊರಿಗೇ ಸೂತಕವಾದಂತಿತ್ತು.

ಅರವತ್ತರ ದಶಕದ ನಡುವೆ ನಮ್ಮ ವಿಚಾರಣಾ ಗುರುಗಳಿಗೆ ಒಂದು ಜಾವಾ ಬಂದಿತು. ಅದರ ವಿಶೇಷವೇನೆಂದರೆ ಒದ್ದು ಎಂಜಿನನ್ನು ಚಾಲೂ ಮಾಡುವ ಸನ್ನೆಯೂ ಗೇರು ಬದಲಿಸುವ ಸನ್ನೆಯೂ ಒಂದೇ. ಚಾಲೂ ಆದ ಮೇಲೆ ಅದೇ ಸನ್ನೆಯನ್ನು ಮುಂದಕ್ಕೆ ಮಡಿಸಿಕೊಂಡರೆ ಗೇರಿನ ಕೆಲಸಕ್ಕೆ ಒದಗುತ್ತಿತ್ತು. ಎರಡು ಬದಿಗೂ ಒಂದೊಂದು ಸೈಲೆನ್ಸರ್. ಅದರ ಸದ್ದು ಕಾಲುವೆಯ ಸೇತುವೆಯ ಬಳಿ ಕೇಳಿಸಿದೊಡನೆ ಗೋಲಿಯಾಡುತ್ತಿದ್ದ ಹುಡುಗರು ಧರ್ಮೋಪದೇಶದ ತರಗತಿಗೆ ಓಡಿ ಸಾಲಾಗಿ ಕೂರುತ್ತಿದ್ದರು. ಮರಣಾವಸ್ಥೆಯಲ್ಲಿರುವವರಿಗೆ ಅಂತ್ಯಾಭ್ಯಂಗವನ್ನು ಕೊಡಲು ರಾತ್ರಿ ಎಷ್ಟು ಹೊತ್ತಿಗೆ ಕರೆ ಬಂದರೂ ಗುರುಗಳು ಅರ್ಧ ಗಂಟೆಯಲ್ಲಿ ಹಾಸಿಗೆಯ ಬಳಿ ಇರುತ್ತಿದ್ದರು. ಎತ್ತಿನ ಗಾಡಿಯ ಕಾಲದಲ್ಲಿ ಗುರುಗಳು ತಲಪುವ ಮೊದಲೇ ಕಣ್ಣು ಮುಚ್ಚಿದವರೆಷ್ಟು ಮಂದಿಯೋ! ಮೋಟಾರು ಸೈಕಲ್ಲಿನಿಂದ ನಮ್ಮ ಧರ್ಮಕೇಂದ್ರಕ್ಕೆ ಆದ ದೊಡ್ಡ ಉಪಕಾರ ಯಾವುದೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವೆನು.

ಸ್ಕೂಟರಿಗಾಗಿ ಕಾದ ವರ್ಷಗಳು

ಉಪಾಧ್ಯಾಯರಿಗೂ ಗುಮಾಸ್ತರಿಗೂ ಒಪ್ಪುವ ವಾಹನ ಸ್ಕೂಟರು. ಪಂಚೆಯುಟ್ಟು ಕೂರಬಹುದು, ಸೀರೆಯುಟ್ಟ ಹೆಂಗಸರು ಹಿಂದೆ ಓರೆಯಾಗಿ ಕೂರಬಹುದು, ಮಗುವನ್ನು ಮುಂದೆ ನಿಲ್ಲಿಸಿಕೊಳ್ಳಬಹುದು, ಒಂದು ಚಕ್ರ ಪಂಚರಾದರೆ ಸ್ಟೆಪ್ನಿ ಇದ್ದೇ ಇದೆ. ಇಟಲಿಯ ಲ್ಯಾಂಬ್ರೆಟಾ ಮತ್ತು ವೆಸ್ಪಾ ಎರಡೂ ನಮ್ಮ ದೇಶದಲ್ಲಿ ತಯಾರಾಗುತ್ತಿದ್ದವು. ಬಜಾಜ್ ಸಂಸ್ಥೆಗೆ ವೆಸ್ಪಾದವರೊಡನೆ ಇದ್ದ ಒಪ್ಪಂದ 1971ರಲ್ಲಿ ಮುಗಿದಾಗ, 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರಿನಲ್ಲಿ ಚೇತಕ್ ಬಂದಿತು. ಎಷ್ಟು ಗಾಡಿಗಳನ್ನು ತಯಾರಿಸಬೇಕೆಂಬುದಕ್ಕೂ ಸರ್ಕಾರದ ಪರವಾನಗಿ ಬೇಕಾಗಿದ್ದ ಆ ಕಾಲದಲ್ಲಿ, ಮುಂಗಡ ಹಣ ಕಟ್ಟಿದವರು ಹತ್ತು ವರ್ಷದವರೆಗೂ ಕಾದುದುಂಟು. ಮಗಳು ಹುಟ್ಟಿದಾಗ ಹಣ ಕಟ್ಟಿದರೆ ಮದುವೆಯ ಹೊತ್ತಿಗೆ ಸ್ಕೂಟರು ಬರುತ್ತದೆ ಎಂಬುದು ಬರಿಯ ಹಾಸ್ಯವಾಗಿರಲಿಲ್ಲ. ವಿದೇಶೀ ಹಣ ಕಟ್ಟುವವರಿಗೆ ಬೇಗ ಸಿಗುತ್ತಿತ್ತು. ನಮಗೆ ವಿದೇಶದಲ್ಲಿ ನೆಂಟರಿರಲಿಲ್ಲವಾದ್ದರಿಂದ ನಾನು 1971ರಲ್ಲಿ ಹಳೆಯ ಸ್ಕೂಟರೊಂದನ್ನು ಕೊಂಡೆ. ಅದರ ಹೆಸರನ್ನು ಇಲ್ಲಿ ಹೇಳಬೇಕಾಗಿಲ್ಲ. ಮುಂದೆ ಹೇಳುವ ಸಂಗತಿಯಲ್ಲಿ ತಪ್ಪು ಗಾಡಿಯದಲ್ಲ.

ಈ ಎರಡು ಹೊಡೆತದ ಎಂಜಿನುಗಳ ಸ್ವಭಾವವನ್ನು ಈಗಿನ ಯುವಕರಿಗೆ ಸ್ವಲ್ಪ ವಿವರಿಸಬೇಕು. ಅವುಗಳಲ್ಲಿ ಎಂಜಿನಿಗೆ ಬೇರೆ ಎಣ್ಣೆಯ ತೊಟ್ಟಿ ಇರುವುದಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಒಳಗಿನ ಭಾಗಗಳನ್ನು ನೆನೆಸಬೇಕು. ಗಾಡಿಗೆ ತಕ್ಕಂತೆ ಇಪ್ಪತ್ತಕ್ಕೆ ಒಂದು ಪಾಲೋ ಐವತ್ತಕ್ಕೆ ಒಂದು ಪಾಲೋ ಎಣ್ಣೆಯನ್ನು ಅಳೆದು ಹಾಕಿಸುತ್ತಿದ್ದೆವು. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಹೊಗೆ, ಪ್ಲಗ್ಗಿನ ಮೇಲೆ ಕರಿ. ಆದ್ದರಿಂದ ಪ್ರತಿಯೊಬ್ಬನ ಡಿಕ್ಕಿಯಲ್ಲಿಯೂ ಪ್ಲಗ್ಗು ಬಿಚ್ಚುವ ಸ್ಪ್ಯಾನರ್, ಉಪ್ಪುಕಾಗದದ ತುಂಡು, ಒಂದು ಕ್ಲಚ್ ವೈರು ತಪ್ಪದೆ ಇರುತ್ತಿದ್ದವು. ಬೆಳಿಗ್ಗೆ ಸ್ಕೂಟರು ಚಾಲೂ ಆಗದಿದ್ದರೆ ಅದನ್ನು ಒಂದು ಬದಿಗೆ ವಾಲಿಸಿ, ಚೋಕ್ ಎಳೆದು ಮತ್ತೆ ಒದೆಯುವುದು. ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಾಲ್ಕಾರು ಮಂದಿ ಗಂಡಸರು ಸ್ಕೂಟರನ್ನು ವಾಲಿಸಿಕೊಂಡು ನಿಂತಿರುತ್ತಿದ್ದ ದೃಶ್ಯ ಹಿರಿಯರಿಗೆ ನೆನಪಿರಬಹುದು.

ನನ್ನ ಅಭ್ಯಾಸಗಳು

ಗಾಡಿ ಓಡಿಸುವವನ ಗುಣವೆಲ್ಲ ಅವನ ಅಭ್ಯಾಸಗಳಲ್ಲಿದೆ. ನನಗೆ ಕೆಲವು ಒಳ್ಳೆಯ ಅಭ್ಯಾಸಗಳಿದ್ದವು. ಹೊರಡುವ ಮುನ್ನ ಶಿಲುಬೆಯ ಗುರುತು ಹಾಕಿ, ಗಾಡಿಯ ಸುತ್ತ ಒಂದು ಸುತ್ತು ಬಂದು ಚಕ್ರಗಳನ್ನು ಒತ್ತಿ ನೋಡುತ್ತಿದ್ದೆ. ಶಾಲೆಯ ಮುಂದೆ ಮಾರ್ದೂರದಿಂದಲೇ ವೇಗ ತಗ್ಗಿಸುತ್ತಿದ್ದೆ. ಕುಡಿದು ಎಂದೂ ಓಡಿಸಲಿಲ್ಲ. ಆದರೆ ಒಂದು ಕೆಟ್ಟ ಅಭ್ಯಾಸವೂ ಇತ್ತು. ಅದನ್ನು ನಾನು ಜಾಣತನವೆಂದು ತಿಳಿದಿದ್ದೆ.

1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧವಾಯಿತು. ತೈಲ ರಾಷ್ಟ್ರಗಳು ಬೆಲೆಯೇರಿಸಿದುದರಿಂದ ಕೆಲವೇ ತಿಂಗಳುಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಪೆಟ್ರೋಲಿನ ಹೊಸ ಬೆಲೆ ನನ್ನಂಥ ಉಪಾಧ್ಯಾಯನ ಸಂಬಳಕ್ಕೆ ದೊಡ್ಡ ಹೊಡೆತ. ಆಗಿನಿಂದ ನಾನು ಇಳಿಜಾರು ಬಂದೊಡನೆ ಗೇರನ್ನು ನ್ಯೂಟ್ರಲಿಗೆ ತಂದು, ಎಂಜಿನನ್ನೇ ನಿಲ್ಲಿಸಿ, ಗಾಡಿಯನ್ನು ಉರುಳಲು ಬಿಡುತ್ತಿದ್ದೆ. ನನ್ನಂತೆ ಮಾಡುವವರು ಬೇಕಾದಷ್ಟು ಮಂದಿ ಇದ್ದರು. ಎಂಜಿನಿನ ತಡೆಯಿಲ್ಲದೆ ಉರುಳುವ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ ಎಂಬುದು ನನಗೆ ಗೊತ್ತಿತ್ತು. ಇನ್ನೊಂದು ಸಂಗತಿಯೂ ಗೊತ್ತಿತ್ತು. ನನ್ನ ಸ್ಕೂಟರಿಗೆ ಬ್ಯಾಟರಿ ಇರಲಿಲ್ಲ. ಎಂಜಿನ್ ತಿರುಗುವವರೆಗೆ ಮಾತ್ರ ಅದರ ಮ್ಯಾಗ್ನೆಟೋದಿಂದ ದೀಪಕ್ಕೆ ವಿದ್ಯುತ್ತು. ಎಂಜಿನ್ ನಿಂತರೆ ದೀಪವೂ ಆರುತ್ತದೆ.

1974ರ ಆಗಮನ ಕಾಲ

ಇನ್ನು ಆ ಸಂಗತಿ. 1974ರ ಡಿಸೆಂಬರ್, ಕ್ರಿಸ್ತಜಯಂತಿಗೆ ಮುಂಚಿನ ಆಗಮನ ಕಾಲ. ಎಂಟು ಮೈಲಿ ದೂರದ ಉಪಕೇಂದ್ರದಲ್ಲಿ ಹಾಡುಗಳ ಅಭ್ಯಾಸವನ್ನು ಮುಗಿಸಿಕೊಂಡು ರಾತ್ರಿ ಒಂಬತ್ತರ ಹೊತ್ತಿಗೆ ಹಿಂದಿರುಗುತ್ತಿದ್ದೆ. ನನ್ನ ಹಿಂದೆ ನಮ್ಮ ಉಪದೇಶಿಗಳು ಕುಳಿತಿದ್ದರು. ಆಗ ಅವರಿಗೆ ಐವತ್ತರ ಸಮೀಪ. ಬೆಳದಿಂಗಳಿತ್ತು. ಹುಣಸೆ ಮರಗಳ ಸಾಲಿನ ಇಳಿಜಾರು ಬಂದಿತು. ಬೆಳದಿಂಗಳನ್ನು ನೆಚ್ಚಿ ವಾಡಿಕೆಯಂತೆ ಎಂಜಿನ್ ನಿಲ್ಲಿಸಿದೆ. ದೀಪ ಆರಿತು. ಮರಗಳ ನೆರಳಿನಲ್ಲಿ ಹತ್ತು ಮಾರು ಮುಂದಿನದೂ ಕಾಣದಾಯಿತು. ಮತ್ತೆ ಚಾಲೂ ಮಾಡೋಣವೆಂದುಕೊಳ್ಳುವಷ್ಟರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿಯ ಹಿಂಭಾಗಕ್ಕೆ ಹೋಗಿ ಹೊಡೆದೆವು. ನಾನು ಕಬ್ಬಿನ ಮೇಲೆಯೇ ಬಿದ್ದುದರಿಂದ ತರಚು ಗಾಯಗಳಾದವು, ಅಷ್ಟೆ. ಉಪದೇಶಿಗಳ ಬಲಗಾಲು ಚಕ್ರದ ಪಟ್ಟಿಗೆ ತಾಗಿ ತೊಡೆಯ ಮೂಳೆ ಮುರಿಯಿತು.

ಗಾಡಿಯ ಅಡಿಯಲ್ಲಿ ಲಾಟೀನು ತೂಗುತ್ತಿತ್ತು, ಆದರೆ ಉರಿಯುತ್ತಿರಲಿಲ್ಲ. ಸೀಮೆಎಣ್ಣೆಗೂ ಆಗ ಬರ. ಸರದಿಯಲ್ಲಿ ನಿಂತು ತಂದ ಎಣ್ಣೆ ಆ ಬಡವನ ಮನೆಯ ಬುಡ್ಡಿಗೇ ಸಾಲುತ್ತಿರಲಿಲ್ಲವೆಂದು ಕಾಣುತ್ತದೆ. ಊರಿನವರು ಸೇರಿದರು. ಮಾರನೆಯ ದಿನ ಪಂಚಾಯಿತಿ ಕೂಡಿತು. ದೀಪವಿಲ್ಲದೆ ರಸ್ತೆಯಲ್ಲಿ ಗಾಡಿ ಹೊಡೆದದ್ದು ಅವನ ತಪ್ಪೆಂದು ಎಲ್ಲರೂ ಹೇಳಿದರು. ನನ್ನನ್ನು ಕೇಳಿದಾಗ, "ಗಾಡಿಗೆ ದೀಪವಿರಲಿಲ್ಲ" ಎಂದೆ. ಅದು ನಿಜ. ನನ್ನ ಗಾಡಿಗೂ ದೀಪವಿರಲಿಲ್ಲ ಎಂಬ ಇನ್ನೊಂದು ನಿಜವನ್ನು ನಾನು ಹೇಳಲಿಲ್ಲ. ಆಸ್ಪತ್ರೆಯ ಖರ್ಚನ್ನು ಅವನು ಕೊಡಬೇಕೆಂದು ತೀರ್ಮಾನವಾಯಿತು. ಅವನು ಒಂದು ಮಾತೂ ಎದುರಾಡದೆ ಕರುವನ್ನು ಮಾರಿ ತಂದುಕೊಟ್ಟನು.

ಉಪದೇಶಿಗಳು ನಾಲ್ಕು ತಿಂಗಳು ಮಲಗಿದ್ದರು. ಅನಂತರ ಅವರ ನಡಿಗೆ ಎಂದೂ ಸರಿಹೋಗಲಿಲ್ಲ. ಸೈಕಲ್ಲು ತುಳಿಯಲಾಗದೆ ಉಪಕೇಂದ್ರಗಳಿಗೆ ಹೋಗುವುದನ್ನು ನಿಲ್ಲಿಸಿದರು. ಮಕ್ಕಳೇ ಅವರ ಮನೆಯ ಜಗುಲಿಗೆ ಬಂದು ಜಪಗಳನ್ನು ಕಲಿತರು. ಈ ಸಂಚಿಕೆಯನ್ನು ಓದುವ ಎಷ್ಟೋ ಮಂದಿ ಆ ಜಗುಲಿಯಲ್ಲಿ ಕಲಿತವರೇ. ಅವರು ತೀರಿಕೊಳ್ಳುವುದಕ್ಕೆ ಒಂದು ವರ್ಷ ಮೊದಲು, ಅದೇ ಜಗುಲಿಯಲ್ಲಿ ಕುಳಿತಿದ್ದಾಗ, "ಮೇಷ್ಟ್ರೇ, ಅವತ್ತು ಇಳಿಜಾರಿನಲ್ಲಿ ಗಾಡಿಯ ಸದ್ದು ನಿಂತಿತ್ತು, ಅಲ್ಲವೇ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. "ನನ್ನ ಕಾಲಿನ ಚಿಂತೆ ಬಿಡಿ. ಅದನ್ನು ನಾನು ಆವತ್ತೇ ಬಿಟ್ಟೆ. ಆ ಗಾಡಿಯವನಿಗೆ ಹೇಳಿ" ಎಂದರು. ಇಷ್ಟು ವರ್ಷವೂ ಅವರಿಗೆ ಗೊತ್ತಿತ್ತು, ಯಾರೊಡನೆಯೂ ಹೇಳಿರಲಿಲ್ಲ. ಆದರೂ ನಾನು ಹೋಗಲಿಲ್ಲ. ನಾಳೆ, ಮುಂದಿನ ವಾರ, ಹಬ್ಬ ಕಳೆಯಲಿ ಎನ್ನುತ್ತ ವರ್ಷಗಳು ಉರುಳಿದವು.

ವಾಹನ ಮಂತ್ರಿಸುವ ವಾಡಿಕೆ

ಇಲ್ಲಿ ಒಂದು ಸಂಗತಿಯನ್ನು ಸ್ಮರಿಸಬೇಕು. ಹೊಸ ಗಾಡಿ ಕೊಂಡವರು ದೇವಾಲಯದ ಅಂಗಳಕ್ಕೆ ತಂದು ಗುರುಗಳಿಂದ ಮಂತ್ರಿಸಿಕೊಳ್ಳುವುದು ನಮ್ಮಲ್ಲಿ ಹಿಂದಿನಿಂದ ಬಂದ ವಾಡಿಕೆ. ಹಳೆಯ ಲತೀನ್ ಕ್ರಮಗ್ರಂಥದಲ್ಲಿ ವಾಹನವನ್ನು ಆಶೀರ್ವದಿಸುವ ಪ್ರಾರ್ಥನೆಯೊಂದಿದೆ. ಅದು ಪ್ರೇಷಿತರ ಕಾರ್ಯಕಲಾಪಗಳ 8ನೆಯ ಅಧ್ಯಾಯದ ಪ್ರಸಂಗವನ್ನು ನೆನೆಯುತ್ತದೆ: ರಥದಲ್ಲಿ ಕುಳಿತು ಪವಿತ್ರ ಗ್ರಂಥವನ್ನು ಓದುತ್ತಿದ್ದ ಇಥಿಯೋಪಿಯದ ಅಧಿಕಾರಿಗೆ ಫಿಲಿಪ್ಪನು ವಿಶ್ವಾಸವನ್ನು ಬೋಧಿಸಿದ ಪ್ರಸಂಗ. ಮಗು ಯೇಸುವನ್ನು ಹೆಗಲ ಮೇಲೆ ಹೊತ್ತು ನದಿ ದಾಟಿಸಿದನೆಂಬ ಐತಿಹ್ಯವಿರುವ ಸಂತ ಕ್ರಿಸ್ಟೋಫರನ ಪದಕ ಎಷ್ಟೋ ಕಾರುಗಳಲ್ಲಿ ಇರುತ್ತಿತ್ತು. 1969ರಲ್ಲಿ ಧರ್ಮಸಭೆಯ ಸಾಮಾನ್ಯ ಪಂಚಾಂಗದಿಂದ ಆ ಸಂತನ ಹಬ್ಬವನ್ನು ತೆಗೆದಾಗ ಕೆಲವರು ಆತನು ಸಂತನೇ ಅಲ್ಲವಂತೆ ಎಂದು ತಪ್ಪಾಗಿ ತಿಳಿದರು. ಹಾಗೇನೂ ಇಲ್ಲ, ಜುಲೈ 25ರಂದು ಆತನ ಹೆಸರು ಹುತಾತ್ಮರ ಪಟ್ಟಿಯಲ್ಲಿ ಇಂದಿಗೂ ಇದೆ. ಆದರೆ ಪದಕವು ಬ್ರೇಕಿನ ಕೆಲಸವನ್ನು ಮಾಡುವುದಿಲ್ಲ. ನನ್ನ ಸ್ಕೂಟರೂ ಮಂತ್ರಿಸಿದ ಗಾಡಿಯೇ ಆಗಿದ್ದಿತು.

2007ರ ಜೂನ್ 19ರಂದು ವ್ಯಾಟಿಕನ್ನಿನಲ್ಲಿ ವಲಸಿಗರ ಮತ್ತು ಪ್ರಯಾಣಿಕರ ಪಾಲನೆಗಾಗಿದ್ದ ಮಂಡಳಿಯು ರಸ್ತೆಯ ಬಗ್ಗೆ ಮಾರ್ಗದರ್ಶಿಯೊಂದನ್ನು ಪ್ರಕಟಿಸಿತು. ಅದರಲ್ಲಿ ವಾಹನ ಚಾಲಕರಿಗಾಗಿ ಹತ್ತು ಆಜ್ಞೆಗಳಿವೆ. ಕೊಲ್ಲಬಾರದೆಂಬುದು ಮೊದಲನೆಯದು. ಅಪಘಾತಕ್ಕೆ ಒಳಗಾದವರಿಗೆ ನೆರವಾಗಬೇಕು, ವಾಹನವನ್ನು ದರ್ಪ ತೋರಿಸುವ ಸಾಧನವನ್ನಾಗಿ ಮಾಡಿಕೊಳ್ಳಬಾರದು, ಓಡಿಸುವ ಸ್ಥಿತಿಯಲ್ಲಿಲ್ಲದವರನ್ನು ಪ್ರೀತಿಯಿಂದ ತಡೆಯಬೇಕು, ರಸ್ತೆಯಲ್ಲಿ ದುರ್ಬಲರನ್ನು ಕಾಪಾಡಬೇಕು ಎಂದೆಲ್ಲ ಹೇಳಿದೆ. ಎಂಟನೆಯದು ಹೀಗಿದೆ: ತಪ್ಪು ಮಾಡಿದ ಚಾಲಕನನ್ನೂ ನೊಂದವನನ್ನೂ ತಕ್ಕ ಕಾಲದಲ್ಲಿ ಒಂದುಗೂಡಿಸಿ ಕ್ಷಮೆಯ ಬಿಡುಗಡೆಯನ್ನು ಅವರು ಅನುಭವಿಸುವಂತೆ ಮಾಡಬೇಕು. ಒಂದು ಭಾನುವಾರ ಪ್ರಬೋಧನೆಯಲ್ಲಿ ಗುರುಗಳು ಇವುಗಳನ್ನು ಒಂದೊಂದಾಗಿ ಹೇಳಿದರು. ಎಂಟನೆಯದಕ್ಕೆ ಬಂದಾಗ ನನಗೆ ಬೆಂಚಿನ ಮೇಲೆ ಕೂರಲಾಗಲಿಲ್ಲ.

ಮಾರನೆಯ ದಿನ ಆ ಊರಿಗೆ ಹೋದೆ. ಗಾಡಿಯವನು ತೀರಿಕೊಂಡು ಆರು ವರ್ಷವಾಗಿತ್ತು. ಅವನ ಮಗ ಮನೆಯಲ್ಲಿದ್ದನು. ಎಲ್ಲವನ್ನೂ ಹೇಳಿದೆ. ಕರುವಿನ ಬೆಲೆಯನ್ನು ಬಡ್ಡಿಯೊಡನೆ ಲೆಕ್ಕ ಹಾಕಿ ಲಕೋಟೆಯಲ್ಲಿ ತೆಗೆದುಕೊಂಡು ಹೋಗಿದ್ದೆ. ಅವನು ಅದನ್ನು ಮುಟ್ಟಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ನಮ್ಮಪ್ಪ ಸಾಯೋಗಂಟ ಲಾಟೀನು ಒರೆಸ್ದೆ ಗಾಡಿ ಕಟ್ತಿರ್ಲಿಲ್ಲ ಮೇಷ್ಟ್ರೇ. ಸಾಬರ ಅಂಗ್ಡೀಲಿ ಸಾಲ ಮಾಡಿ ಎಣ್ಣೆ ತರೋನು. ಒಬ್ರ ಕಾಲು ಮುರಿದೋನು ನಾನು ಅಂತಾನೇ ಹೋದ" ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ಬಾಗಿಲವರೆಗೆ ಬಂದು, "ದುಡ್ಡು ಬ್ಯಾಡ. ಆವತ್ತು ಜನರ ಮುಂದೆ ಅವನ್ನ ನಿಲ್ಸಿದ್ರಿ. ಜನರ ಮುಂದೇನೇ ಒಂದ್ಸಲ ಹೇಳಿ" ಎಂದನು.

ಅಂದಿನ ಪಂಚಾಯಿತಿಯಲ್ಲಿ ಕುಳಿತಿದ್ದವರಲ್ಲಿ ಈಗ ಉಳಿದವರು ಕೆಲವರೇ. ಅವರ ಮಕ್ಕಳೂ ಮೊಮ್ಮಕ್ಕಳೂ ಈ ಸಂಚಿಕೆಯನ್ನು ಓದುತ್ತಾರೆ. ಆದ್ದರಿಂದ ಇಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ: 1974ರ ಆ ರಾತ್ರಿ ತಪ್ಪು ನನ್ನದು. ಆ ಗಾಡಿಯವನು ದಂಡ ತೆರಬೇಕಾಗಿರಲಿಲ್ಲ. ನಮ್ಮ ಉಪದೇಶಿಗಳ ಕಾಲು ಮುರಿದದ್ದು ನಾನು ಉಳಿಸಹೊರಟ ಎರಡು ಚಮಚ ಪೆಟ್ರೋಲಿಗಾಗಿ. ಈ ಲೇಖನವನ್ನು ಒಪ್ಪಿಕೊಂಡುದರ ಇನ್ನೊಂದು ಕಾರಣ ಇದೇ.

ಕಾಲ ಬದಲಾಯಿತು

ಉಳಿದುದನ್ನು ಸಂಕ್ಷೇಪವಾಗಿ ಹೇಳುವೆನು. 1983ರ ಡಿಸೆಂಬರ್ 14ರಂದು ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಬೀಗದ ಕೈಯನ್ನು ಹಸ್ತಾಂತರಿಸಿದರು. ಮರುವರ್ಷದಿಂದ ಜಪಾನಿನ ಸಹಯೋಗದ 100 ಸಿ.ಸಿ. ಮೋಟಾರು ಸೈಕಲ್ಲುಗಳು ಒಂದರ ಹಿಂದೊಂದು ಬಂದವು. 1985ರಲ್ಲಿ ಬಂದ ಹೀರೋ ಹೋಂಡಾ ನಾಲ್ಕು ಹೊಡೆತದ ಎಂಜಿನಿನದು. ಎಣ್ಣೆ ಬೆರೆಸುವ ಗೋಜಿಲ್ಲ, ಹೊಗೆಯಿಲ್ಲ, ಹನಿ ಪೆಟ್ರೋಲಿನಲ್ಲಿ ಬಹುದೂರ. ಹಳೆಯ ಗಾಡಿಗಳು ಒಂದೊಂದಾಗಿ ಸರಿದವು. 1989ರ ನಂತರ ನಮ್ಮ ಗಾಡಿಗಳ ಸಂಖ್ಯೆಗಳು ಕೆ.ಎ. ಎಂದು ಆರಂಭವಾದವು. ಚೇತಕ್ ಸ್ಕೂಟರಿನ ತಯಾರಿಕೆಯೂ ನಿಂತಿತು. ಮಾರುತಿ 800 ಮತ್ತು ಅಂಬಾಸಡರ್ ಎರಡೂ 2014ರಲ್ಲಿಯೇ ನಿಂತುದು ಕಾಲದ ವೈಚಿತ್ರ್ಯ. ಜಾವಾ 2018ರಲ್ಲಿ, ಯೆಜ್ದಿ 2022ರಲ್ಲಿ ಹೊಸ ರೂಪದಲ್ಲಿ ಮರಳಿ ಬಂದಿವೆ, ಆದರೆ ಯಾದವಗಿರಿಯಿಂದಲ್ಲ. ಚೇತಕ್ ಕೂಡ ವಿದ್ಯುತ್ತಿನ ಗಾಡಿಯಾಗಿ ಬಂದಿದೆ. ನನ್ನ ಮೊಮ್ಮಗಳು ಅದರಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅದರ ದೀಪ ಇಳಿಜಾರಿನಲ್ಲಿ ಆರುವುದಿಲ್ಲ. ನಾನದನ್ನು ಮೊದಲು ಪರೀಕ್ಷಿಸಿದೆ.

ಮೂರು ವರ್ಷದ ಹಿಂದೆ ಸಂಜೆಯ ಹೊತ್ತು ಎದುರಿನ ಬೆಳಕಿಗೆ ಕಣ್ಣು ಕತ್ತಲೆಗಟ್ಟಿ ನಮ್ಮ ಬೀದಿಯ ತಿರುವನ್ನೇ ದಾಟಿ ಹೋದೆ. ಮನೆಗೆ ಬಂದು ಬೀಗದ ಕೈಯನ್ನು ಮಗನ ಕೈಗಿತ್ತೆ. ಯಾರೂ ತಡೆಯುವ ಮುನ್ನ ನಾನೇ ನಿಲ್ಲಿಸಿದೆನೆಂಬ ಸಣ್ಣ ಸಮಾಧಾನ ನನಗಿದೆ. ಈಗ ಬಲಿಪೂಜೆಗೆ ನಡೆದೇ ಬರುತ್ತೇನೆ.

ನಮ್ಮ ಯುವಕರಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮ ಗಾಡಿಗಳು ನಮ್ಮ ಕಾಲದವಕ್ಕಿಂತ ವೇಗವುಳ್ಳವು, ನಂಬಿಕೆಗೆ ಅರ್ಹವಾದವು. ಶಿರಸ್ತ್ರಾಣವನ್ನು ಧರಿಸಿರಿ, ಹಿಂದೆ ಕುಳಿತವರಿಗೂ ಕೊಡಿರಿ. ಬಿದ್ದವರನ್ನು ಕಂಡರೆ ನಿಲ್ಲಿರಿ. ಸಹಾಯ ಮಾಡಿದವರಿಗೆ ತೊಂದರೆಯಾಗದಂತೆ 2019ರ ತಿದ್ದುಪಡಿಯಲ್ಲಿ ಕಾನೂನು ರಕ್ಷಣೆ ಕೊಟ್ಟಿದೆ. ನಮ್ಮ ರಸ್ತೆಗಳಲ್ಲಿ ಈಗಲೂ ಕಬ್ಬಿನ ಗಾಡಿಗಳು ಹೋಗುತ್ತವೆ, ಕೆಲವಕ್ಕೆ ದೀಪವಿರುವುದಿಲ್ಲ. ಅವರಿಗೆ ದೀಪವಿಲ್ಲದಿದ್ದರೆ ನಿಮ್ಮ ದೀಪವಾದರೂ ಉರಿಯುತ್ತಿರಲಿ. ತಪ್ಪಾದರೆ ಅಂದೇ ಒಪ್ಪಿಕೊಳ್ಳಿರಿ. ನನ್ನಂತೆ ಅರ್ಧ ಶತಮಾನ ಕಾಯಬೇಡಿರಿ.

ಈ ನೂರು ವರ್ಷಗಳಲ್ಲಿ ನಮ್ಮ ದಾರಿಗಳಲ್ಲಿ ಕುದುರೆಯ ಮೇಲೆ, ಗಾಡಿಯಲ್ಲಿ, ಸೈಕಲ್ಲಿನಲ್ಲಿ, ಜಾವಾದಲ್ಲಿ ಓಡಾಡಿದ ಎಲ್ಲ ಗುರುಗಳನ್ನೂ ಉಪದೇಶಿಗಳನ್ನೂ ಕೃತಜ್ಞತೆಯಿಂದ ನೆನೆಯುತ್ತ, ನಮ್ಮ ಧರ್ಮಕೇಂದ್ರಕ್ಕೆ ಸೇರದ ಆ ಒಬ್ಬ ಗಾಡಿಯವನ ಆತ್ಮಕ್ಕೂ ಶಾಂತಿಯನ್ನು ಕೋರುತ್ತೇನೆ.